ಬೂದು ಪಾಟಿ, ಬಣ್ಣದ ಪಾಟಿ ಮತ್ತು ಒಂದು ಟೊಮೆಟೊ

2010ರ ದೀಪಾವಳಿಗೆ ಒಂದು ವಾರ ಮೊದಲು ಹೊಸಪೇಟೆಯ ನಮ್ಮ ಮನೆಗೆ ಪುಸ್ತಕ ಓದುವ ಯಂತ್ರಗಳು ಎರಡು ಬಂದವು. ಒಂದು ಕಪ್ಪುಬಿಳುಪಿನ ಇ-ಇಂಕ್ ರೀಡರ್, ಇನ್ನೊಂದು ಬಣ್ಣದ ಟ್ಯಾಬ್ಲೆಟ್. ತಂದವನು ನನ್ನ ಹೆಂಡತಿ ಪದ್ಮಾಳ ತಮ್ಮ ಗುರುರಾಜ. ಅವನು ಸಂಡೂರು ಕಡೆಯ ಒಂದು ಗಣಿಯಲ್ಲಿ ಅದಿರು ಪರೀಕ್ಷೆ ಮಾಡುವ ಕೆಮಿಸ್ಟ್. ಆ ವರ್ಷಗಳಲ್ಲಿ ನಮ್ಮ ಗುಡ್ಡಗಳು ಲಾರಿ ಹತ್ತಿ, ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದವು. ಕೊಳ್ಳುವವರ ಜೊತೆ ಮಾತಾಡಲು ಕಂಪನಿಯವರು ಗುರುವನ್ನು ಸಿಂಗಪುರಕ್ಕೆ ಕಳಿಸಿದ್ದರು. ಗುಡ್ಡ ಹೋದ ದಾರಿಯಲ್ಲೇ ಹೋಗಿ, ಬರುವಾಗ ಇವೆರಡನ್ನು ಹೊತ್ತು ತಂದಿದ್ದ.

"ಭಾವಾ, ಹದಿನೈದು ದಿನ ಎರಡೂ ನಿಮ್ಮ ಹತ್ರ ಇರ್ಲಿ. ಕುಂತು ಓದ್ರಿ, ಮಲಗಿ ಓದ್ರಿ, ಬಸ್ಸಿನಾಗ ಓದ್ರಿ. ಆಮ್ಯಾಲೆ ಯಾವ್ದು ಬೇಕು ಹೇಳ್ರಿ. ಉಳಿದದ್ದು ನನಗ," ಎಂದ.

"ಎರಡು ಯಾಕ ತಂದ್ಯೋ?"

"ಅಕ್ಷರ ದೊಡ್ಡದು ಮಾಡೋದು ತಗೊಂಬಾ ಅಂತ ಅಕ್ಕ ಫೋನ್ ಮಾಡಿ ಹೇಳಿದ್ಲು. ಅಂಗಡ್ಯಾಗ ನೋಡಿದ್ರ ಎರಡೂ ದೊಡ್ಡದು ಮಾಡ್ತಾವ. ಏನ್ ಮಾಡ್ಲಿ?"

ಪದ್ಮಾ ಒಳಗಿನಿಂದ ಬಂದು ಎರಡನ್ನೂ ಕೈಯಲ್ಲಿ ತೂಗಿ ನೋಡಿದಳು. ನಮ್ಮ ಕಡೆ ಶಾಲೆಯ ಸ್ಲೇಟಿಗೆ ಪಾಟಿ ಎನ್ನುತ್ತಾರೆ. ಅವಳು ಅಲ್ಲೇ ನಾಮಕರಣ ಮಾಡಿದಳು: ಒಂದು ಬೂದು ಪಾಟಿ, ಒಂದು ಬಣ್ಣದ ಪಾಟಿ.

ಅಕ್ಷರ ದೊಡ್ಡದಾಗಬೇಕು ಎಂದು ಅವಳಿಗೆ ಯಾಕೆ ಅನ್ನಿಸಿತು ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿದ್ದ ವಿಷಯ ಅದು. ನನ್ನ ಅಪ್ಪ ತುಂಗಭದ್ರಾ ಡ್ಯಾಂನಲ್ಲಿ ಕಾಲುವೆ ಆಫೀಸಿನ ಗುಮಾಸ್ತರಾಗಿದ್ದರು. ಐವತ್ತು ದಾಟುವಾಗ ಅವರ ಎಡಗಣ್ಣು ಹೋಯಿತು. ಕೆಲವೇ ವರ್ಷಗಳಲ್ಲಿ ಬಲಗಣ್ಣೂ ಅದರ ಹಿಂದೆ ಹೋಯಿತು. ನೋವಿಲ್ಲ, ಉರಿಯಿಲ್ಲ, ನೀರು ಸುರಿಯಲಿಲ್ಲ. ಮಲಗಿದ ಮಕ್ಕಳು ಏಳಬಾರದು ಎಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋಗುತ್ತೇವಲ್ಲ, ಹಾಗೆ ಹೋಯಿತು. ಗುರು ಪಾಟಿಗಳನ್ನು ತಂದಾಗ ನನಗೆ ನಲವತ್ತೊಂಬತ್ತು. ಆ ವರ್ಷವಿಡೀ ನಾನು ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡು ಓಡಾಡುತ್ತಿದ್ದೆ: ಅಪ್ಪನ ಕಣ್ಣು ನನಗೆ ಬಂದಿದೆಯೋ ಇಲ್ಲವೋ. ಉತ್ತರ ತಿಳಿಯಲು ಬಳ್ಳಾರಿಯ ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಸಾಕಿತ್ತು. ಹೋಗಿರಲಿಲ್ಲ.

ನಾನು ವೃತ್ತಿಯಿಂದ ವರದಿಗಾರ. ಯಾರು, ಎಲ್ಲಿ, ಯಾವಾಗ ಎಂದು ಊರವರನ್ನೆಲ್ಲ ಕೇಳುವುದೇ ಕೆಲಸ. ನಾನು ಸೇರಿದ ಹೊಸತರಲ್ಲಿ ಡೆಸ್ಕಿನಲ್ಲಿದ್ದ ಹಿರಿಯರೊಬ್ಬರು ಒಂದು ಮಾತು ಹೇಳಿಕೊಟ್ಟಿದ್ದರು: ಒಬ್ಬ ಹೇಳಿದ್ದನ್ನು ನಂಬಿ ಸುದ್ದಿ ಕಳಿಸಬೇಡ, ಎರಡನೆಯವನನ್ನು ಕೇಳು. ಅದನ್ನು ಇವತ್ತಿಗೂ ಪಾಲಿಸುತ್ತೇನೆ. ನನ್ನ ಕಣ್ಣಿನ ವಿಷಯದಲ್ಲಿ ಮಾತ್ರ ಮೊದಲನೆಯವನನ್ನೂ ಕೇಳಿರಲಿಲ್ಲ.

ಇಲ್ಲಿ ನನ್ನ ಒಂದು ಅಭ್ಯಾಸವನ್ನು ಹೇಳಿಬಿಡಬೇಕು. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನಾನು ಮಲಗಿಯೇ ಓದುವವನು, ಅದೂ ಬಲಮಗ್ಗುಲಾಗಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ನಮ್ಮ ಕೋಣೆಗೆ ಇದ್ದದ್ದು ಒಂದು ಬಲ್ಬು, ಅದೂ ಎಡಗೋಡೆಯಲ್ಲಿ. ಪುಸ್ತಕದ ಮೇಲೆ ಬೆಳಕು ಬೀಳಬೇಕಾದರೆ ಅದಕ್ಕೆ ಬೆನ್ನು ಹಾಕಿ ಬಲಕ್ಕೆ ಹೊರಳಬೇಕು. ಹೊರಗೆ ಡ್ಯಾಂ ಗೇಟು ತೆಗೆಯುವ ಸೈರನ್ ಕೂಗುತ್ತಿರಲಿ, ಅಮ್ಮ ಊಟಕ್ಕೆ ಕೂಗುತ್ತಿರಲಿ, ನಾನು ಬಲಗೆನ್ನೆಯನ್ನು ದಿಂಬಿನಲ್ಲಿ ಹೂತು ಓದುತ್ತಿದ್ದೆ. "ಎಮ್ಮಿ ಮಲಗಿದಂಗ ಮಲಗಿ ಓದಬ್ಯಾಡಲೇ, ವಿದ್ಯಾ ಹತ್ತೂದಿಲ್ಲ," ಎಂದು ಅಪ್ಪ ಬೈಯುತ್ತಿದ್ದರು. ಆಮೇಲೆ ಎಷ್ಟೋ ಮನೆ ಬದಲಾದವು, ಬಲ್ಬುಗಳು ಟ್ಯೂಬ್‌ಲೈಟಾದವು. ನನ್ನ ಮಗ್ಗುಲು ಬದಲಾಗಲಿಲ್ಲ. ಹೀಗೆ ಮಲಗಿದಾಗ ಬಲಗಣ್ಣು ದಿಂಬಿನೊಳಗೆ ಮುಚ್ಚಿಹೋಗುತ್ತದೆ, ಓದುವುದೆಲ್ಲ ಎಡಗಣ್ಣೊಂದೇ ಎಂಬುದು ನಲವತ್ತು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ.

ಸರಿ, ಪಾಟಿಗಳ ಪರೀಕ್ಷೆ ಶುರುವಾಯಿತು. ವರದಿಗೆಂದು ಹೋದಲ್ಲೆಲ್ಲ ಎರಡನ್ನೂ ಹೆಗಲಚೀಲದಲ್ಲಿ ಹಾಕಿಕೊಂಡು ಹೋದೆ.

ಮೊದಲು ಹಂಪಿ ಬಜಾರ್. ಕಲ್ಲುಮಂಟಪದ ಚಹಾ ಅಂಗಡಿಯಲ್ಲಿ ಕೂತು ಬಣ್ಣದ ಪಾಟಿ ತೆರೆದೆ. ಬಿಸಿಲು ಅದರ ಗಾಜಿನ ಮೇಲೆ ಬಿದ್ದು ಪುಟವೇ ಕಾಣಲಿಲ್ಲ. ನನ್ನ ಮುಖ ಕಂಡಿತು, ಮುಖದ ಹಿಂದೆ ಗೋಪುರ ಕಂಡಿತು. ಹುಬ್ಬಿನ ಮೇಲೆ ಧೂಳಿದೆ ಎಂದು ಅದರಲ್ಲೇ ನೋಡಿ ಒರೆಸಿಕೊಂಡೆ. ಚಹಾ ಕೊಡುವ ಹೆಂಗಸು ಬಗ್ಗಿ ನೋಡಿದಳು.

"ಸಾರ್, ಇದು ಕನ್ನಡಿ ಏನ್ರಿ? ಭಾಳ ಚಲೋ ಐತಿ. ಟೂರಿಸ್ಟ್ ಮಂದಿ ಬರೋದ್ರಾಗ ತಲಿ ಬಾಚ್ಕೊಳ್ಳಾಕ ನಮಗೂ ಒಂದು ತರಿಸಿಕೊಡ್ರಿ."

ಬೂದು ಪಾಟಿ ಅದೇ ಬಿಸಿಲಿನಲ್ಲಿ ಕಾಗದದ ಹಾಗೆ ಸ್ಪಷ್ಟವಾಗಿ ಕಂಡಿತು. ಬಿಸಿಲು ಹೆಚ್ಚಾದಷ್ಟೂ ಅಕ್ಷರ ಕಪ್ಪಾಯಿತು.

ಎರಡನೆಯದು ಸಂಡೂರಿನ ಬಸ್ಸು. ಅದಿರಿನ ಲಾರಿಗಳು ಸಾಲುಗಟ್ಟಿ, ಬಸ್ಸು ಅವುಗಳ ನಡುವೆ ಸಿಕ್ಕಿಕೊಂಡು ನಿಂತಿತು. ಕಿಟಕಿಗೆ ಗಾಜಿರಲಿಲ್ಲ. ಧೂಳು ಒಳಗೆ ಬಂದು ಎಲ್ಲರ ಜೊತೆ ಸೀಟು ಹಂಚಿಕೊಂಡಿತು. ಬಣ್ಣದ ಪಾಟಿಯ ಮೇಲೆ ಬೆರಳಾಡಿಸಿದರೆ ಕೆಂಪು ಕೆಸರಿನ ಗೆರೆ ಬಿತ್ತು, ಪುಟ ತಿರುಗಲಿಲ್ಲ. ಬೂದು ಪಾಟಿಗೆ ಗುಂಡಿಗಳಿದ್ದವು. ಒತ್ತಿದರೆ ಕರ್ ಕರ್ ಎಂದಿತು, ಆದರೂ ತಿರುಗಿತು. ಪಕ್ಕದಲ್ಲಿ ಚೋರನೂರಿನ ರೈತರೊಬ್ಬರು ಕೂತಿದ್ದರು, ತೊಡೆಯ ಮೇಲೆ ಶೇಂಗಾ ಚೀಲ.

"ಇದ್ರಾಗ ಎಷ್ಟು ಪುಸ್ತಕ ಅದಾವ್ರೀ?"

"ಸಾವಿರಗಟ್ಟಲೆ ಹಿಡಿತಾವಂತ್ರೀ."

ಅವರು ಮುಂದಿನ ಲಾರಿ ಸಾಲು ನೋಡಿದರು. "ಸಂಡೂರು ಮುಟ್ಟೋದ್ರಾಗ ಎಲ್ಲಾ ಮುಗಿಸ್ತೀರಿ ಬಿಡ್ರಿ," ಎಂದು ಒಂದು ಹಿಡಿ ಶೇಂಗಾ ಕೊಟ್ಟರು.

ಮೂರನೆಯದು ಕಂಪ್ಲಿ. ಭತ್ತದ ಕೊಯ್ಲಿನ ವರದಿಗೆ ಹೋಗಿ ನೆಂಟರ ಮನೆಯಲ್ಲಿ ಉಳಿದೆ. ಕರೆಂಟು ಹೋದದ್ದು ಎರಡು ದಿನ ಬರಲಿಲ್ಲ. ಬಣ್ಣದ ಪಾಟಿ ಮೊದಲನೆಯ ದಿನವೇ ಕಣ್ಣು ಮುಚ್ಚಿತು. ಬೂದು ಪಾಟಿ ಏನೂ ಆಗದವರ ಹಾಗೆ ಓದಿಸಿಕೊಂಡಿತು.

ಕನ್ನಡದ ವಿಷಯದಲ್ಲಿ ಮಾತ್ರ ಎರಡೂ ಒಂದೇ. ಆಗ ಅವುಗಳಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಷರ ಇರಬೇಕಾದಲ್ಲಿ ಸಾಲುಸಾಲಾಗಿ ಖಾಲಿ ಡಬ್ಬಿಗಳು ಬರುತ್ತಿದ್ದವು. ಹಳೆಯ ಪುಸ್ತಕಗಳ ಪುಟಗಳನ್ನು ಫೋಟೊ ಮಾಡಿ ಗುರು ತುಂಬಿಕೊಟ್ಟಿದ್ದರಿಂದ ಬಚಾವಾದೆ. ಆದರೂ ಆ ಖಾಲಿ ಡಬ್ಬಿಗಳ ಪುಟವನ್ನು ಮೊದಲ ಸಲ ನೋಡಿದಾಗ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡಿದ್ದೆ. ಅಕ್ಷರಗಳು ಅಲ್ಲಿವೆ, ನನಗೆ ಕಾಣುತ್ತಿಲ್ಲ. ಹಾಗಂದರೆ ಏನೆಂದು ನಮ್ಮ ಮನೆಯಲ್ಲಿ ಒಬ್ಬರು ತಿಳಿದಿದ್ದರು.

ಹಂಪಿ, ಸಂಡೂರು, ಕಂಪ್ಲಿ ಮೂರೂ ಕಡೆ ಬೂದು ಪಾಟಿಯೇ ಗೆದ್ದಿತ್ತು. ಅದನ್ನೇ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆ. ಕಾರಣಗಳು ಮೇಲೆ ಬರೆದವೇ, ಸುಳ್ಳಲ್ಲ. ಬರೆಯದ ಕಾರಣ ಇನ್ನೊಂದಿತ್ತು. ಅದರಲ್ಲಿ ಇಂಗ್ಲಿಷ್ ಪುಸ್ತಕದ ಅಕ್ಷರವನ್ನು ಒಂದು ಗುಂಡಿ ಒತ್ತಿ ದೊಡ್ಡದು ಮಾಡಬಹುದು, ಸಾಲದಿದ್ದರೆ ಇನ್ನೊಮ್ಮೆ ಒತ್ತಬಹುದು. ಯಾವ ಅಳತೆಯಲ್ಲಿ ಓದುತ್ತಿದ್ದೇನೆಂದು ಯಾರೂ ಕೇಳುವುದಿಲ್ಲ. ಅಕ್ಷರ ದೊಡ್ಡದಾಗುತ್ತ ಹೋದರೆ ಕಣ್ಣು ಕಡಿಮೆಯಾಗುತ್ತಿರುವುದು ನನಗೇ ಗೊತ್ತಾಗದು. ಅಂಥ ಸ್ನೇಹಿತ ಯಾರಿಗೆ ಬೇಡ?

ಹಾಗೆ ತೀರ್ಮಾನಿಸಿದ ಮೇಲೆ ಒಂದು ಭಾನುವಾರ ಊಟ ಮುಗಿಸಿ, ಬಣ್ಣದ ಪಾಟಿಯನ್ನು ಬೀಳ್ಕೊಡುವ ಮುನ್ನ ಕೊನೆಯ ಸಲ ನೋಡೋಣವೆಂದು ಎತ್ತಿಕೊಂಡು ಮಂಚದ ಮೇಲೆ ಬಲಮಗ್ಗುಲಾದೆ. ಅದರಲ್ಲಿ ಮಾದರಿಗೆಂದು ಮಕ್ಕಳ ಚಿತ್ರಪುಸ್ತಕವೊಂದಿತ್ತು. ಮೊದಲನೆಯ ಪುಟದಲ್ಲಿ ಒಂದೇ ಒಂದು ಟೊಮೆಟೊ, ಪುಟ ತುಂಬ. ಹಳೆಯ ಹೆಂಚಿನ ಬಣ್ಣದ ಟೊಮೆಟೊ. ಇಷ್ಟು ಬೆಲೆಯ ವಸ್ತುವಿನಲ್ಲಿ ಇಂಥ ಮಾಸಿದ ಬಣ್ಣವೇ ಎಂದು ನನ್ನ ತೀರ್ಮಾನದ ಬಗ್ಗೆ ಇನ್ನಷ್ಟು ಖುಷಿಯಾಯಿತು.

ಸಂಜೆ ಕುರ್ಚಿಯಲ್ಲಿ ಕೂತು ಪದ್ಮಾಳಿಗೆ ತೋರಿಸಲು ತೆರೆದರೆ ಟೊಮೆಟೊ ಕೆಂಪಗಿತ್ತು.

"ಮಧ್ಯಾಹ್ನ ಹಿಂಗಿರಲಿಲ್ಲ. ಬ್ಯಾಟರಿ ಕಡಿಮಿ ಆದಾಗ ಇದು ಕೆಂಪು ಬಣ್ಣ ಕಡಿಮಿ ಮಾಡ್ತದ," ಎಂದು ವಿವರಿಸಿದೆ. ಆ ಹೊತ್ತಿಗೆ ಹೊಳೆದ ವಿವರಣೆ ಅದು. ಹೇಳಿದ ಮೇಲೆ ನನಗೂ ನಿಜವೆನ್ನಿಸಿತು.

"ಟೊಮೆಟೊ ಟೊಮೆಟೊನ ಹಂಗೇ ಅದ. ಕನ್ನಡಕ ಒರಸ್ಕೋರಿ, ಧೂಳು," ಎಂದಳು ಪದ್ಮಾ.

ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಎಲ್ಲದಕ್ಕೂ ಅದೇ ಕಾರಣ. ಕೆಮ್ಮು ಬಂದರೆ ಧೂಳು, ತುಳಸಿ ಒಣಗಿದರೆ ಧೂಳು, ಟೀವಿ ಸರಿಯಾಗಿ ಬರದಿದ್ದರೆ ಧೂಳು. ಕನ್ನಡಕ ಒರೆಸಿಕೊಂಡೆ.

ನಮ್ಮದು ಮಾಧ್ವರ ಮನೆ. ಪೂಜೆಗೆ ಉಡುವ ಮಡಿ ಪಂಚೆಯನ್ನು ಯಾರೂ ಮುಟ್ಟದ ಹಾಗೆ ಮಾಳಿಗೆಯ ಮೇಲೆ ಹರವಬೇಕು. ಮನುಷ್ಯರು ಮುಟ್ಟುತ್ತಿರಲಿಲ್ಲ, ಗಣಿ ಮುಟ್ಟುತ್ತಿತ್ತು. ಬೆಳ್ಳಗೆ ಮೇಲೆ ಹೋದ ಪಂಚೆ ಸಂಜೆ ಕಾವಿ ಬಣ್ಣದಲ್ಲಿ ಇಳಿದು ಬರುತ್ತಿತ್ತು. ನಾವೆಲ್ಲ ಸನ್ಯಾಸ ತೆಗೆದುಕೊಂಡ ಹಾಗೆ ಕಾಣುತ್ತೇವೆ ಎಂದು ಪದ್ಮಾ ನಗುತ್ತಿದ್ದಳು. ಟೊಮೆಟೊ ಕಂಡ ಮಾರನೆಯ ದಿನ ಅವಳು ಪಂಚೆಯನ್ನು ಬಿದಿರಿನ ಗಳುವಿನ ಮೇಲೆ ತಂದಾಗ ನಾನು ಮಂಚದಲ್ಲಿ ಬಲಮಗ್ಗುಲಾಗಿ ಓದುತ್ತಿದ್ದೆ. ತಲೆಯೆತ್ತದೆ ನೋಡಿ, "ಈ ಸಲ ಭಾಳ ಬೆಳ್ಳಗ ಆಗ್ಯದಲ್ಲ. ಧೂಳು ಕಡಿಮಿ ಆಗ್ಯದ," ಎಂದೆ.

ಅವಳು ನಿಂತಲ್ಲೇ ನಿಂತಳು. "ಇದು ಬೆಳ್ಳಗ?"

"ಮತ್ತ?"

"ಅರಿಬಿ ಒಗದು ಒಗದು ನನ್ನ ರಟ್ಟಿ ಬಿದ್ದು ಹೋದ್ವು. ಚೇಷ್ಟಿ ಮಾಡ್ತೀರಿ? ಪೇಪರಿನಾಗ ಮತ್ತ ಹಂಗ ಬರದೀರಿ. ಗಣಿಯವ್ರ ಕಡಿಂದ ಇವ್ರಿಗೂ ಏನೋ ಬಂದದ ಅಂತಾರ ಮಂದಿ."

ಎದ್ದು ಕೂತೆ. ಪಂಚೆ ಕಾವಿಯಾಗಿತ್ತು. ಚೇಷ್ಟೆಯೇ ಎಂದು ಒಪ್ಪಿಕೊಂಡೆ.

ಹದಿನೈದು ದಿನ ಮುಗಿದ ಮೇಲೆ ಗುರು ಉತ್ತರ ಕೇಳಲು ಬಂದ. ಬೂದು ಪಾಟಿ ನನಗಿರಲಿ, ಬಣ್ಣದ ಪಾಟಿ ಕೆಟ್ಟಿದೆ, ಸಿಂಗಪುರದವರು ನಿನಗೆ ಟೋಪಿ ಹಾಕಿದ್ದಾರೆ ಎಂದೆ. ಅವನು ಟೊಮೆಟೊ ತೆರೆದು ನೋಡಿದ. ಕಿಟಕಿಯ ಹತ್ತಿರ ಒಯ್ದು ನೋಡಿದ.

"ಮಸ್ತ್ ಅದ ಅಲ್ಲ ಭಾವಾ. ಏನಾಗ್ಯದ ಇದಕ್ಕ?"

"ಈಗ ಸರಿ ಇರ್ತದ. ಮಲಗಿ ಓದೂಮುಂದ ಕೆಡ್ತದ."

ಗುರು ಜೋರಾಗಿ ನಕ್ಕ. "ನೀವು ಮಲಗಿದ್ದು ಅದಕ್ಕ ಹ್ಯಾಂಗ ಗೊತ್ತಾಗ್ತದ್ರೀ? ಅಕ್ಕಾ, ಕೇಳಿಲ್ಲಿ!" ಪದ್ಮಾ ಅಡುಗೆಮನೆಯಲ್ಲಿದ್ದಳು, ಒಗ್ಗರಣೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. "ತೋರಿಸ್ರಿ ನೋಡೋಣ, ಹ್ಯಾಂಗ ಓದ್ತೀರಿ."

ಮಲಗಿ ತೋರಿಸಿದೆ. ಬಲಮಗ್ಗುಲು, ಗೆನ್ನೆ ದಿಂಬಿನಲ್ಲಿ, ಪಾಟಿ ಮುಖದೆದುರು. ನೋಡು, ಹೆಂಚಿನ ಬಣ್ಣ ಎಂದೆ. ಅವನು ಪಾಟಿಯನ್ನು ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದ. ನಗು ನಿಂತಿತ್ತು.

ಅವನ ಚೀಲದಲ್ಲಿ ಯಾವಾಗಲೂ ಒಂದು ಬಿಳಿ ಟೈಲ್ಸಿನ ತುಂಡು ಇರುತ್ತದೆ. ಗುಡ್ಡದ ಕಲ್ಲು ಹೊರಗೆ ಕಪ್ಪಗೆ ಹೊಳೆಯಬಹುದು, ಬೂದಿಯ ಹಾಗಿರಬಹುದು. ಟೈಲ್ಸಿನ ಹಿಂಭಾಗದ ಒರಟು ಮೇಲ್ಮೈಗೆ ಉಜ್ಜಿದಾಗ ಕೆಂಪು ಗೆರೆ ಬಿದ್ದರೆ ಅದು ಕಬ್ಬಿಣದ ಅದಿರು. ಪ್ರಯೋಗಶಾಲೆಗೆ ಒಯ್ಯುವ ಮೊದಲು ಅವರು ಎಲ್ಲ ಕಡೆ ಮಾಡಿ ನೋಡುವ ಪರೀಕ್ಷೆ ಅದು. ಗುರು ಆ ಟೈಲ್ಸನ್ನೂ ಒಂದು ಕಲ್ಲನ್ನೂ ತೆಗೆದು ಉದ್ದಕ್ಕೆ ಒಂದು ಗೆರೆ ಎಳೆದ. ಮಂಚದ ಪಕ್ಕ ಕೆಳಗೆ ಕೂತು ನನ್ನ ಮುಖದ ಮುಂದೆ ಹಿಡಿದ.

"ಹಂಗೇ ಮಲಗ್ರಿ. ಇದ್ಯಾವ ಬಣ್ಣ?"

"ಚಹಾ ಚೆಲ್ಲಿದ ಬಣ್ಣ."

"ಈಗ ಆ ಮಗ್ಗಲಾಗ್ರಿ."

ಎಡಕ್ಕೆ ಹೊರಳಿದೆ. ಅವನು ಮಂಚ ಸುತ್ತಿ ಬಂದು ಹಿಡಿದ.

"ಕೆಂಪು," ಎಂದೆ. "ಹಸೀ ಕೆಂಪು. ಇದು ಬ್ಯಾರೆ ಕಲ್ಲಿಂದೇನು?"

ಗುರು ಟೈಲ್ಸನ್ನು ಮಡಿಲಿಗೆ ಇಳಿಸಿಕೊಂಡ. "ಭಾವಾ, ಕಲ್ಲು ಒಂದೇ ಅದ," ಎಂದ.

ಅಡುಗೆಮನೆಯಲ್ಲಿ ಸಾಸಿವೆ ಸಿಡಿಯುವುದು ಕೇಳಿಸುತ್ತಿತ್ತು. ನಾನು ಎಡಗಣ್ಣು ಮುಚ್ಚಿ ಗೆರೆ ನೋಡಿದೆ, ಬಲಗಣ್ಣು ಮುಚ್ಚಿ ನೋಡಿದೆ. ಕೆಂಪು. ಚಹಾ. ಕೆಂಪು. ಚಹಾ. ಎರಡು ಮೂಲಗಳು ಎರಡು ಬೇರೆ ಸುದ್ದಿ ಕೊಡುತ್ತಿದ್ದವು.

"ಅಕ್ಕಗ ನೀವು ಹೇಳ್ತೀರೋ, ನಾ ಹೇಳ್ಲೋ?"

"ಎರಡು ದಿನ ತಡಿ."

"ಯಾಕ?"

ಯಾಕೆಂದು ನನಗೂ ತಿಳಿಯಲಿಲ್ಲ. ಅವನು ಎರಡೂ ಪಾಟಿಗಳನ್ನು ಅಲ್ಲೇ ಬಿಟ್ಟು ಹೋದ.

ಆ ಎರಡು ದಿನ ನಾನು ಏನೇನು ಮಾಡಿದೆ ಎಂದರೆ ನೀವು ನಗುತ್ತೀರಿ. ಊರಿನಲ್ಲಿದ್ದ ಕೆಂಪು ವಸ್ತುಗಳನ್ನೆಲ್ಲ ಒಂದು ಕಣ್ಣು ಮುಚ್ಚಿಕೊಂಡು ನೋಡುತ್ತ ತಿರುಗಿದೆ. ಅಂಚೆ ಡಬ್ಬಿ ನೋಡಿದೆ. ಬಸ್ಸಿನ ಹಿಂದಿನ ದೀಪ ನೋಡಿದೆ. ಬಟ್ಟೆ ಅಂಗಡಿಯ ಮುಂದೆ ತೂಗುಹಾಕಿದ್ದ ರವಿಕೆ ಕಣವನ್ನು ಹಾಗೆ ನೋಡುತ್ತ ನಿಂತಾಗ ಅಂಗಡಿಯವನು ಹೊರಗೆ ಬಂದು, "ಮನಿಯವ್ರಿಗೇನ್ರಿ ಸಾರ್?" ಎಂದು ಕೇಳಿದ. ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ಅಂಗಾರದ ಕಪ್ಪು ಗೆರೆ ಎಳೆದು ಅಕ್ಷತೆಯ ಕೆಂಪು ಬೊಟ್ಟು ಇಟ್ಟು ಕನ್ನಡಿ ಮುಂದೆ ನಿಂತರೆ ಎಡಗಣ್ಣಿಗೆ ಅದೂ ಮಾಸಿತ್ತು. ಎಲ್ಲ ಕಡೆಯೂ ಒಂದೇ ಉತ್ತರ ಬರುತ್ತಿತ್ತು. ನಾನು ಇನ್ನೊಬ್ಬ ಸಾಕ್ಷಿಯನ್ನು ಹುಡುಕುತ್ತಲೇ ಇದ್ದೆ.

ಹುಡುಕುವಾಗಲೆಲ್ಲ ಅಪ್ಪ ನೆನಪಾಗುತ್ತಿದ್ದರು. ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಬೆಳಿಗ್ಗೆ ಪೇಪರು ಬಂದ ಕೂಡಲೇ ಅಕ್ಕಪಕ್ಕದ ನಾಲ್ಕು ಮಂದಿ ಬಂದು ಕೂರುವುದು, ಅಪ್ಪ ಗಟ್ಟಿಯಾಗಿ ಓದಿ ಹೇಳುವುದು ನಮ್ಮ ಬೀದಿಯ ರೂಢಿಯಾಗಿತ್ತು. ಅವರ ದನಿ ಚೆನ್ನಾಗಿತ್ತು. ಎಡಗಣ್ಣು ಹೋದ ಮೇಲೂ ಓದಿದರು. ಬಲಗಣ್ಣು ಮಂಜಾಗುತ್ತಿದ್ದ ದಿನಗಳಲ್ಲಿ ಅವರು ತಡವರಿಸಿದರೆ ಒಳಗಿನಿಂದ ಅಮ್ಮ ಹೇಳುತ್ತಿದ್ದಳು: "ಇವತ್ತು ಪೇಪರಿನ ಅಚ್ಚೇ ಚಲೋ ಬಂದಿಲ್ಲ, ಮಸಿ ಹತ್ತಿಲ್ಲ." ಅಪ್ಪ ಹೌದೆನ್ನುತ್ತಿದ್ದರು. ನಾಲ್ಕು ಮಂದಿಯೂ ಹೌದೆನ್ನುತ್ತಿದ್ದರು. ಒಂದು ದಿನ ಶಾಲೆಗೆ ಹೋಗುವ ಮುನ್ನ ನಾನು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಅವರು ಓದುತ್ತಿದ್ದ ಸುದ್ದಿ ಆ ಪುಟದಲ್ಲಿರಲಿಲ್ಲ. ಬೆಳಗಿನ ರೇಡಿಯೊ ವಾರ್ತೆಯಲ್ಲಿ ಕೇಳಿದ್ದನ್ನು ಪೇಪರು ಹಿಡಿದುಕೊಂಡು ಒಪ್ಪಿಸುತ್ತಿದ್ದರು. ತಲೆಯೆತ್ತಿದರೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಬಾಯಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಷ್ಟು ದಿನದಿಂದ ಗೊತ್ತಿತ್ತೋ. ಅಪ್ಪ ಡಾಕ್ಟರ ಹತ್ತಿರ ಹೋದದ್ದು ಅದಾದ ಎಷ್ಟೋ ತಿಂಗಳ ಮೇಲೆ. ತಡವಾಯಿತು ಎಂದರು.

ಎರಡನೆಯ ದಿನ ಬೆಳಿಗ್ಗೆ ಪದ್ಮಾ ನನ್ನೆದುರು ಕೂತು ಹುರುಳಿಕಾಯಿ ಸೋಸುತ್ತಿದ್ದಳು. ಸ್ನಾನ ಮಾಡಿ ಹಣೆಗೆ ಕುಂಕುಮ ಇಟ್ಟುಕೊಂಡಿದ್ದಳು. ನೋಡಬಾರದು ಎಂದುಕೊಂಡೆ. ಬಲಗಣ್ಣಿನ ಮೇಲೆ ಅಂಗೈ ಇಟ್ಟು ನೋಡಿದೆ.

ಅಲ್ಲಿ ಕುಂಕುಮ ಇರಲಿಲ್ಲ. ಯಾವಾಗಲೋ ಇಟ್ಟು ಒರೆಸಿದ ಹಾಗೆ ಒಂದು ಕಂದು ಗುರುತಿತ್ತು. ಕೈ ತೆಗೆದೆ, ಕುಂಕುಮ ಬಂತು. ಮತ್ತೆ ಮುಚ್ಚಿದೆ, ಹೋಯಿತು. ತೆಗೆದೆ.

"ಏನ್ರೀ ಇದು, ಈ ವಯಸ್ಸಿನಾಗ ಕಣ್ಣು ಹೊಡೀಲಿಕ್ಕೆ ಹತ್ತೀರಿ?" ಎಂದಳು ಪದ್ಮಾ. ಅವಳು ನಗುತ್ತಿದ್ದಳು. ನಾನು ನಗಲಿಲ್ಲ. ಅವಳ ನಗುವೂ ನಿಧಾನಕ್ಕೆ ಹೋಯಿತು. ಕೈಯಲ್ಲಿದ್ದ ಹುರುಳಿಕಾಯಿಯನ್ನು ಕೆಳಗಿಟ್ಟಳು.

"ಎಡದ್ದಾ?" ಎಂದು ಕೇಳಿದಳು.

ಹೌದೆಂದೆ.

"ಮಾವನೋರಿಗೂ ಎಡದ್ದೇ ಮೊದಲು ಅಲ್ಲ?"

ಹೌದೆಂದೆ. ಅವಳು ಎದ್ದು ಸೀರೆ ಬದಲಿಸಿದಳು. ಮುಂದಿನ ಬಳ್ಳಾರಿ ಬಸ್ಸಿನಲ್ಲಿ ನಾವಿದ್ದೆವು.

ಬಳ್ಳಾರಿಯ ಡಾಕ್ಟರು ಬೋಗುಣಿಯಂಥ ಒಂದು ಯಂತ್ರದೊಳಗೆ ನನ್ನ ಮುಖ ಇರಿಸಿ, ಕೈಗೆ ಒಂದು ಗುಂಡಿ ಕೊಟ್ಟರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಅಕ್ಕಪಕ್ಕದಲ್ಲಿ ಎಲ್ಲಾದರೂ ಬೆಳಕು ಮಿಣುಕಿದರೆ ಒತ್ತಬೇಕು. ಬಲಗಣ್ಣಿನ ಸರದಿಯಲ್ಲಿ ಆಗಾಗ ಮಿಣುಕುತ್ತಿತ್ತು, ಒತ್ತಿದೆ. ಎಡಗಣ್ಣಿನ ಸರದಿ ಬಂದಾಗ ತುಂಬ ಹೊತ್ತು ಏನೂ ಆಗಲಿಲ್ಲ. ಯಂತ್ರದ ಟಿಕ್ ಟಿಕ್ ಮಾತ್ರ ಕೇಳಿಸುತ್ತಿತ್ತು. ಪ್ರತಿ ಟಿಕ್‌ಗೂ ಎಲ್ಲೋ ಒಂದು ಬೆಳಕು ಬಂದು ಹೋಗುತ್ತಿದೆ, ನನಗೆ ಕಾಣುತ್ತಿಲ್ಲ ಎಂದು ಗೊತ್ತಾಯಿತು. ಭಯಕ್ಕೆ ಸುಮ್ಮನೆ ಒತ್ತತೊಡಗಿದೆ.

"ಏನೂ ಬರಲಾರದಾಗ ಯಾಕ ಒತ್ತಾಕತ್ತೀರಿ?" ಎಂದು ಡಾಕ್ಟರು ಕೇಳಿದರು. "ಕಂಡಾಗ ಮಾತ್ರ ಒತ್ರಿ. ನಿಮ್ಮ ಕೆಲಸ ಏನು?"

"ವರದಿಗಾರ್ರೀ."

ಅವರು ಯಂತ್ರ ನಿಲ್ಲಿಸಿದರು. ಮೊದಲಿನಿಂದ ಶುರು ಮಾಡಿಸಿದರು.

ಆಮೇಲೆ ಅವರು ಹೇಳಿದ್ದು ಇಷ್ಟು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಎಡಗಣ್ಣಿನ ನರ ಸವೆದಿದೆ. ಬಣ್ಣ ಮಾಸಿ ಕಾಣುವುದು ಅದರಿಂದ. ಎಡದಲ್ಲಿ ಹೋದದ್ದು ಬರುವುದಿಲ್ಲ. ಬಲಗಣ್ಣಿನಲ್ಲೂ ಒತ್ತಡವಿದೆ, ನರ ಇನ್ನೂ ಚೆನ್ನಾಗಿದೆ. ದಿನಾ ಸಂಜೆ ಹನಿ ಹಾಕಬೇಕು, ಬದುಕಿರುವವರೆಗೆ. ಬಲಗಣ್ಣು ಉಳಿಯುತ್ತದೆಯೇ ಎಂದು ಪದ್ಮಾ ಕೇಳಿದಳು. ನೋಡೋಣ ಎಂದರು.

ಗುರು ಪಾಟಿ ಒಯ್ಯಲು ಬಂದಾಗ ನಾನು ಬಣ್ಣದ ಪಾಟಿಯನ್ನು ಅವನ ಕೈಗಿಟ್ಟೆ. ನನಗೆ ಅದರ ಮುಖ ನೋಡುವುದೇ ಬೇಡವಾಗಿತ್ತು. ಬೂದು ಪಾಟಿಯಲ್ಲಿ ಕೆಂಪಿಲ್ಲ, ಹಸಿರಿಲ್ಲ, ಮಾಸುವಂಥದ್ದು ಏನೂ ಇಲ್ಲ. ಉಳಿದ ಓದನ್ನೆಲ್ಲ ಅದರಲ್ಲಿ ಮುಗಿಸಬಹುದಿತ್ತು.

ಪದ್ಮಾ ಅವನ ಕೈಯಿಂದ ಬಣ್ಣದ ಪಾಟಿ ಕಿತ್ತುಕೊಂಡಳು. "ಇದು ಇಲ್ಲೇ ಇರ್ಲಿ. ಅದನ್ನ ಒಯ್ಯಿ."

"ನನಗ ಓದ್ಲಿಕ್ಕೆ ಅದೇ ಚಲೋ," ಎಂದೆ. "ಬಿಸಿಲಿಗೂ ಕಾಣಸ್ತದ, ಕರೆಂಟಿಲ್ಲದನೂ ನಡೀತದ."

"ಅದು ಒಂದೇ ಇದ್ದಿದ್ರ ನಿಮಗ ಇನ್ನೂ ಗೊತ್ತಾಗ್ತಿರ್ಲಿಲ್ಲ. ಬ್ಯಾಡ ಅದು."

ಗುರು ಬೂದು ಪಾಟಿಯನ್ನು ಚೀಲದಲ್ಲಿ ಟೈಲ್ಸಿನ ಪಕ್ಕ ಇಟ್ಟುಕೊಂಡು ಹೋದ.

ಅಂದಿನಿಂದ ಪ್ರತಿ ಏಕಾದಶಿ ನಮ್ಮ ಮನೆಯಲ್ಲಿ ಟೊಮೆಟೊ ನೋಡುವ ದಿನ. ಉಪವಾಸದ ದಿನ ಬೇರೆ ಕೆಲಸ ಕಡಿಮೆ. ಪದ್ಮಾ ಎದುರು ಕೂರುತ್ತಾಳೆ, ನಾನು ಪುಟ ತೆರೆದು ಒಂದೊಂದೇ ಕಣ್ಣು ಮುಚ್ಚಿ ಕಂಡದ್ದನ್ನು ಹೇಳುತ್ತೇನೆ. ಉಪವಾಸವಿದ್ದು ಟೊಮೆಟೊ ದರ್ಶನ ಮಾಡುವ ಮಾಧ್ವರು ನಾವಿಬ್ಬರೇ ಇರಬೇಕು. ಎಡಗಣ್ಣಿಗೆ ಹೆಂಚು, ಬಲಗಣ್ಣಿಗೆ ಟೊಮೆಟೊ. ಅಷ್ಟು ಹೇಳಿ ಮುಚ್ಚಿಡುತ್ತೇನೆ. ಮಾರನೆಯ ದಿನ ಪಾರಣೆಯ ಊಟ ಚೆನ್ನಾಗಿ ಸೇರುತ್ತದೆ. ಓದುವಾಗ ಈಗ ಎಡಮಗ್ಗುಲಾಗಿ ಮಲಗುತ್ತೇನೆ. ಇನ್ನೂ ಅಭ್ಯಾಸವಾಗಿಲ್ಲ, ಕುತ್ತಿಗೆ ನೋಯುತ್ತದೆ.

ಮರುವರ್ಷ ಗಣಿಗಳು ನಿಂತವು. ಲಾರಿಗಳು ರಸ್ತೆಬದಿಯಲ್ಲಿ ಸಾಲಾಗಿ ನಿಂತು ತುಕ್ಕು ಹಿಡಿದವು. ಗುರು ಕೆಲಸ ಹುಡುಕಿಕೊಂಡು ಒಡಿಶಾದ ಗಣಿಗಳಿಗೆ ಹೋದ. ಒಂದು ಮಳೆಗಾಲ ಕಳೆದ ಮೇಲೆ ಸಂಡೂರಿನ ರಸ್ತೆಯ ಮರಗಳು ಹಸಿರಾಗಿವೆ ಎಂದು ವರದಿ ಬರೆದೆ. ಕಳಿಸುವ ಮೊದಲು ಪದ್ಮಾಳನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಹಸಿರೇ ಹೌದೇ ಎಂದು ಕೇಳಿ ಕಳಿಸಿದೆ. ಮಾಳಿಗೆಯ ಮೇಲಿನ ಪಂಚೆ ಈಗ ಬೆಳ್ಳಗೆ ಹೋಗಿ ಬೆಳ್ಳಗೇ ಬರುತ್ತದೆ.

ಮೊನ್ನೆ ಏಕಾದಶಿಯಂದು ಪುಟ ತೆರೆದೆ. ಎಡಗಣ್ಣಿಗೆ ಎಂದಿನ ಹೆಂಚು. ಬಲಗಣ್ಣಿಗೆ ಟೊಮೆಟೊ ಕೆಂಪಗಿತ್ತು. ತೊಟ್ಟಿನ ಹತ್ತಿರ ಬೆರಳಗಲದಷ್ಟು ಕಂದಾಗಿತ್ತು. ಅದು ಮೊದಲಿನಿಂದಲೂ ಇತ್ತೇ ಎಂದು ನೆನಪು ಮಾಡಿಕೊಂಡೆ. ಇಷ್ಟು ಸಲ ನೋಡಿದ್ದರೂ ತೊಟ್ಟನ್ನು ಗಮನಿಸಿರಲಿಲ್ಲ.

"ಇಲ್ಲಿ ಯಾವ ಬಣ್ಣ ಅದ?" ಎಂದು ಪದ್ಮಾಳನ್ನು ಕೇಳಿದೆ.

ಅವಳು ಪಾಟಿಯನ್ನು ತನ್ನ ಕಡೆ ತಿರುಗಿಸಿಕೊಂಡಳು. ನೋಡಿದಳು.

"ಕಂದು," ಎಂದಳು. "ಚಿತ್ರ ಬರದಾವ್ನೇ ಹಂಗ ಹಚ್ಯಾನ."

ಪಕ್ಕದ ಮನೆಯವರನ್ನು ಕರೆದು ಕೇಳಬಹುದಿತ್ತು, ಕೇಳಲಿಲ್ಲ. ಅಪ್ಪನ ಪಡಸಾಲೆಯಲ್ಲಿ ನಾಲ್ಕು ಮಂದಿಯೂ ಹೌದೆನ್ನುತ್ತಿದ್ದರು. ಟೈಲ್ಸು ಹಿಡಕೊಂಡು ಬಾ ಎಂದು ಗುರುವಿಗೆ ಫೋನ್ ಮಾಡಿದ್ದೇನೆ. ಅವನು ಶನಿವಾರ ರೈಲಿಗೆ ಬರುತ್ತಾನೆ. ಬಳ್ಳಾರಿಯ ಡಾಕ್ಟರು ಸೋಮವಾರ ಬರಹೇಳಿದ್ದಾರೆ.